ಸುಬ್ಬಿಯ ಭತ್ತದ ಬೇರು

ನೇರಳೆಹಣ್ಣು ತಿಂದ ನಾಲಿಗೆಯಂತಾಗಿದೆ ಪಕ್ಕದ ಗದ್ದೆಯ ಮನೋಹರನ ಭತ್ತದ ಬೇರು, ಪಾಪ, ಪೇಟೆಯ ಪ್ಯಾಕೆಟ್ಟಿನ ಬೀಜ, ಒಂದು ದಿನ ಅಲ್ಯೂಮಿನಿಯಂ ವಿಷ ಬೆರೆಸಿದ ಹುಳಿನೀರಲ್ಲಿ ಇಟ್ಟು ಬಣ್ಣಕ್ಕೆ ಅದ್ದಿದ್ದೇ ತಡ, ವಿಷ ಒಳಹೊಕ್ಕಲ್ಲೆಲ್ಲ ಬಣ್ಣ ಕಚ್ಚಿಕೊಂಡಿತು — ಇನ್ನು ನಮ್ಮ ಲೋಟದ ಸರದಿ, ಎಕ್ಕಂಬಿ ಶಾಲೆಯ ಜಗುಲಿಯೇ ಉಸಿರು ಹಿಡಿದಿದೆ, ಬೇರು ಬಿಳಿಯಾಗಿಯೇ ಉಳಿದರೆ ಕೃಷಿ ಕಾಲೇಜಿನ ಮೇಧಾ ಮೇಡಂ ನಮ್ಮ ಬೀಜವನ್ನು ಸಿದ್ದಾಪುರ, ಯಲ್ಲಾಪುರದ ಹುಳಿಮಣ್ಣಿನ ಗದ್ದೆಗಳಿಗೆ ಹಂಚುತ್ತಾರೆ, ಬಣ್ಣ ಹಿಡಿದರೆ ನನ್ನ ಹೆಂಡತಿ ಸುಬ್ಬಿಯ ಹನ್ನೆರಡು ವರ್ಷದ ದುಡಿಮೆ ಕೋಳಿಯ ಪಾಲು — ಬಿಳಿಯಾಗದೆ ಎಲ್ಲಿಗೆ ಹೋದೀತು, ನಿನ್ನೆ ಮೇಡಂ ಚಹಾಕ್ಕೆ ಎದ್ದಾಗ ಎಲೆಯಡಿಕೆಯ ಸುಣ್ಣ ಉಗುರಿನಷ್ಟು ಆ ಲೋಟಕ್ಕೆ ಬಿದ್ದಿದೆ, ಬಿದ್ದದ್ದೇನು, ಈ ಕೈಯೇ ಹಾಕಿತು, ಸುಣ್ಣ ಸೇರಿದರೆ ಹುಳಿ ಸಾಯುತ್ತದೆ, ವಿಷ ಮಲಗುತ್ತದೆ, ಮೇಡಂ ತಾನೇ ಕಲಿಸಿದ್ದು. ನಮ್ಮ ಗದ್ದೆಯ ಹುಳಿ ಸಾಮಾನ್ಯವೇ, ಎರೆಹುಳಗಳು ಹಲ್ಲು ಜುಮ್ಮೆಂದು ಸೋಂದೆಗೆ ವಲಸೆ ಹೋದವು, ದಾರಿ ತೋರಿಸಿದವನೇ ನಾನು. ಹುಳಿಮಣ್ಣಲ್ಲಿ ಅಲ್ಯೂಮಿನಿಯಂ ಕರಗಿ ಬೇರು ಸುಡ್ತದೆ ಕೆರಿಯಪ್ಪಣ್ಣ, ಅಂದಿದ್ದರು ಮೇಡಂ, ಹಾಗಾದ್ರೆ ನನ್ ಗದ್ದೆ ಅಡೀಲಿ ಪಾತ್ರೆ ಅಂಗ್ಡಿನೇ ಅದೆ ಬಿಡಿ ಮೇಡಂ, ಅಂದೆ, ನಕ್ಕರು, ಕೆಲವು ಬೇರು ತಾನೇ ಒಂದು ಹುಳಿ ರಸ ಬಿಟ್ಟು ಆ ವಿಷಾನ ಹೊರಗೇ ಕಟ್ಟಿಹಾಕ್ತದೆ, ನಿಮ್ ಭತ್ತ ಹಾಗೋ ಏನೋ ನೋಡ್ವ. ಏನೋ ಅಂತೆ! ನನ್ನ ಅಜ್ಜನ ಅಜ್ಜನಿಗೆ ಹುಲಿಯೇ ಬಾಯಲ್ಲಿ ಕಚ್ಚಿ ತಂದುಕೊಟ್ಟ ಬೀಜವೆಂದು ಮೂರು ತಾಲೂಕಿಗೆ ಸಾರಿದವನು ನಾನು — ಹನ್ನೆರಡು ವರ್ಷದ ಹಿಂದೆ ಗದ್ದೆಯೆಲ್ಲ ಹಳದಿಯಾಗಿ ಸತ್ತಾಗ ನೆಟ್ಟಗೆ ನಿಂತಿದ್ದ ಏಳು ತೆನೆಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದವಳು ಸುಬ್ಬಿ, ಅದನ್ನು ಈಗ ಯಾರು ಕೇಳಿದರು — ನಮ್ಮ ಬೇರನ್ನು ಬಣ್ಣದಿಂದ ಎತ್ತಿದರು, ತೊಳೆದರು, ಬಿಳಿ, ಹಾಲಲ್ಲಿ ಅದ್ದಿದ ನೂಲಿನಂಥ ಬಿಳಿ, ಏನ್ ಮನೋಹರ, ಕಂಡ್ಯಾ, ಕಂಡೆ ಮಾರಾಯಾ, ನೀನೇ ಒಳಗೆ ಕೂತು ತಿಕ್ಕಿ ತೊಳೆದಂಗದೆ, ಎಲ್ಲರೂ ನಗುತ್ತಾರೆ, ಎದೆ ಶಾಲೆಯ ಬಾಗಿಲಿನಷ್ಟು ಅಗಲವಾಯಿತು, ಹುಲಿಯ ಕಥೆಗೆ ಬಾಯಿ ತೆರೆದಿದ್ದೇನೆ, ಕಿವಿಯ ಬಳಿ ಸುಬ್ಬಿ, ಹೆಚ್ಚು ಕುಣೀಬೇಡಿ, ನೀವು ಸುಣ್ಣ ಹಾಕಿದ್ ನೀರು ನಿನ್ನೆಯೇ ಚೆಲ್ಲಿದೀನಿ, ಕೈತಪ್ಪಿ ಬಿತ್ತು ಅಂತ ಮೇಡಮ್ಮಂಗೆ ಹೇಳಿ ಬೇರೆ ಹುಳಿನೀರು ಹಾಕ್ಸಿದೆ, ನನ್ ಭತ್ತ ನಂಗೆ ಗೊತ್ತಿಲ್ವಾ — ಹುಲಿ, ನನ್ನ ಅಜ್ಜನ, ಅಜ್ಜ — ಒಂದು ಸುಳ್ಳೂ ಬಾಯಿಗೆ ಬರುತ್ತಿಲ್ಲ, ಹಾಗಾದರೆ ನಿನ್ನೆಯಿಂದ ಅಪ್ಪಟ ವಿಷದ ನೀರಲ್ಲೇ — ಮೇಡಂ ಆ ಬೇರನ್ನು ಸುಬ್ಬಿಯ ಅಂಗೈ ಮೇಲೆ ಇಟ್ಟರು — ಬಿಳಿ, ತುದಿಯವರೆಗೂ ಬಿಳಿ.