ಎರಡು ತೂತಿನ ನಾಣ್ಯ

ಹಳೆಯ ನಾಣ್ಯ ಓದುವುದರಲ್ಲಿ ನನ್ನನ್ನು ಮೀರಿಸುವವರು ಹಳದಿ ನದಿಯ ಬಯಲಿನ ನಮ್ಮೂರ ಭಾನುವಾರದ ಸಂತೆಯಲ್ಲಿ ಯಾರೂ ಇಲ್ಲ. ಒಂದು ದಿನವೂ ಪಾಠ ಹೇಳದಿದ್ದರೂ ಎಲ್ಲರಿಗೂ ನಾನು ಕ್ಯು ಮೇಷ್ಟ್ರು. ಆ ಜಂಬವೇ ನನ್ನನ್ನು ಕೆಡಿಸಿತು.

ಹೋದ ವರ್ಷ ಮೆಕ್ಕೆಜೋಳದ ಕೊಯ್ಲು ಮುಗಿದ ಮೇಲೆ ತ್ಯಾವ್ ಸಾನ್‌ಮಿನ್ ಬಂದ. ಮೆಟಲ್ ಡಿಟೆಕ್ಟರ್ ಹಿಡಿದು ಬರಿದಾದ ಹೊಲ ಸುತ್ತುವವನು. ಹಸಿ ಮಣ್ಣು ಮೆತ್ತಿದ ಏಳು ನಾಣ್ಯಗಳನ್ನು ಮೇಜಿನ ಮೇಲೆ ಸುರಿದ. ಏಳು ಎಂದು ಎಣಿಸಿದಾಗಲೇ ನನಗೆ ತಿಳಿಯಿತು. ಸತ್ತವರನ್ನು ಮಲಗಿಸುವಾಗ ಬೆನ್ನ ಕೆಳಗೆ ಸಪ್ತರ್ಷಿ ಮಂಡಲದ ಹಾಗೆ ಇಡುವ ನಾಣ್ಯಗಳು ಅವು.

"ಮೇಷ್ಟ್ರೇ, ಎಲ್ಲಿ ಸಿಕ್ತು ಗೊತ್ತಾ? ಅಲ್ಲಿ..."

"ಏಯ್, ಬಾಯ್ಮುಚ್ಚು," ಎಂದು ಕೈ ಅಡ್ಡ ಹಿಡಿದೆ. "ಗುಂಡಿ ಸುದ್ದಿ ನನ್ಹತ್ರ ಬೇಡ. ನಾಣ್ಯದ ಜಾತಕ ಕೇಳು, ಹೇಳ್ತೀನಿ."

ನಮ್ಮ ಕಸುಬಿನ ಕಟ್ಟಳೆ ಅದು: ತೋಡಿದವನು ಹೇಳಬಾರದು, ಓದುವವನು ಕೇಳಬಾರದು. ಕೇಳಿದರೆ ಪಾಪದಲ್ಲಿ ನಮಗೂ ಪಾಲು.

ಮಣ್ಣು ಉಜ್ಜಿದೆ. ಆರು ಚಿಯಾನ್‌ಲಾಂಗ್ ಚಕ್ರವರ್ತಿಯ ಕಾಲದವು. ಹಿಂಬದಿಯ ಮಂಚು ಅಕ್ಷರ ನೋಡಿ, ನಾಲ್ಕು ಬೀಜಿಂಗ್ ಟಂಕಸಾಲೆಯವು, ಎರಡು ಸುಝೌದವು ಎಂದೆ. ಏಳನೆಯದು ದಾವ್‌ಗುವಾಂಗ್ ಕಾಲದ್ದು. ನಡುವಿನ ಚೌಕ ತೂತಿನ ಪಕ್ಕದಲ್ಲೇ ಇನ್ನೊಂದು ಸೊಟ್ಟ ತೂತು, ಅದರಿಂದ ಅಂಚಿನವರೆಗೂ ಒಂದು ಗೀರು.

"ಯಾವನೋ ದಂಡಪಿಂಡ ಕೊರೆದು ಹಾಳ್ಮಾಡಿದಾನೆ. ಬಿಸಾಕು."

"ನೀವೇ ಇಟ್ಕೊಳ್ಳಿ, ಬೀಗದ ಕೈಗಾಯ್ತು," ಎಂದು ಸಾನ್‌ಮಿನ್ ನಕ್ಕ. ನಾನೂ ನಕ್ಕು ಬೀಗದ ಕೈ ಗೊಂಚಲಿಗೆ ಪೋಣಿಸಿಕೊಂಡೆ.

ವಸಂತದಲ್ಲಿ ಹಿರಿಯರ ಗೋರಿ ಗುಡಿಸುವ ಹಬ್ಬಕ್ಕೆ ಅಕ್ಕ ರುಯಿಫೆನ್ ಬಂದಳು. ನಮಗೆ ಗುಡಿಸಲು ಗೋರಿಯೇ ಇಲ್ಲ. ಮನೆಮಂದಿಯೆಲ್ಲ ಹಳದಿ ನದಿಯ ಕಟ್ಟೆ ಕೆಲಸಕ್ಕೆ ಹೋಗಿದ್ದಾಗ ಅಮ್ಮ ಡೇರೆಯಲ್ಲೇ ತೀರಿಕೊಂಡಳು, ಅಲ್ಲೇ ಹೊಲದಲ್ಲಿ ಮಣ್ಣು ಮಾಡಿದರು. ನನಗೆ ಆರು ವರ್ಷ, ಅಕ್ಕನಿಗೆ ಹದಿಮೂರು. ಮುಂದೆ ನೆಲ ಸಮ ಮಾಡಿದಾಗ ಅಮ್ಮನ ದಿಬ್ಬವೂ ಹೋಯಿತು, ಜಾಗದ ಗುರುತೂ ಹೋಯಿತು. ಕಣ್ಣು ಮುಚ್ಚುವ ಮೊದಲು ಆ ಮಣ್ಣಿಗೆ ಒಮ್ಮೆ ಹಣೆ ಹಚ್ಚಬೇಕೆಂಬುದೊಂದೇ ಅಕ್ಕನ ಆಸೆ. ಪ್ರತಿ ವರ್ಷ ನಾಲ್ಕು ದಾರಿ ಕೂಡುವಲ್ಲಿ ನೆಲದ ಮೇಲೆ ಸುತ್ತುಗೆರೆ ಎಳೆದು, ಒಳಗೆ ಕಾಗದದ ಹಣ ಸುಡುತ್ತಾಳೆ. ಗೋರಿ ಇರುವ ದಿಕ್ಕಿಗೆ ಗೆರೆಯಲ್ಲಿ ಬಾಗಿಲು ಬಿಡಬೇಕು, ಇಲ್ಲದಿದ್ದರೆ ಹಣ ಸತ್ತವರಿಗೆ ಮುಟ್ಟುವುದಿಲ್ಲ. ದಿಕ್ಕು ತಿಳಿಯದೆ, ಸುಮ್ಮನೆ ನದಿಯ ಕಡೆಗೆ ಬಿಡುತ್ತಿದ್ದಳು.

ಬೀರು ತೆಗೆಯಲು ಬೀಗದ ಕೈ ಕೊಟ್ಟೆ. ಅಕ್ಕ ಗೊಂಚಲಿನ ನಾಣ್ಯವನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.

"ಲೇ, ಇದೆಲ್ಲಿತ್ತೋ?"

"ಸಂತೇಲಿ ಸಿಕ್ತು. ಯಾವನೋ ಕೊರೆದು..."

"ಯಾವನೋ ಅಲ್ಲ ಕಣೋ, ನಾನು! ದಬ್ಬಳ ಇಟ್ಟು ಕಲ್ಲಲ್ಲಿ ಹೊಡೆದೆ. ಜಾರಿ ಈ ಗೀರು ಬಿತ್ತು, ನನ್ನ ಹೆಬ್ಬೆಟ್ಟೂ ಕುಯ್ತು." ಗಾಯದ ಕಲೆ ತೋರಿಸಿದಳು. "ನೀನು ಕಾಲಲ್ಲಿ ಒದ್ದು ಆಡೋ ಗರಿಚೆಂಡಿಗೆ ಹುಂಜದ ಗರಿ ಕಟ್ಟೋಕೆ. ಅಮ್ಮನ ಬೆನ್ನಡಿಗೆ ಆರೇ ನಾಣ್ಯ ಇದ್ವು. ಅಪ್ಪ ಗರಿ ಕಿತ್ತು ಇದನ್ನೂ ಇಟ್ಟ. ನೀನು ಅಮ್ಮನಿಗೆ ಅಳ್ಲಿಲ್ಲ, ಚೆಂಡಿಗೆ ಅತ್ತೆ."

ಎದ್ದುಬಿದ್ದು ಸಾನ್‌ಮಿನ್ ಮನೆಗೆ ಓಡಿದೆ.

"ಮೂರು ತಾಲೂಕು ಸುತ್ತೋನು ನಾನು," ಎಂದ ಅವನು, ತಲೆ ಕೆರೆದುಕೊಳ್ಳುತ್ತ. "ಎಷ್ಟು ಗುಂಡಿ ತೋಡಿದೀನೋ, ಎಷ್ಟು ಮುಚ್ಚಿದೀನೋ. ಆವತ್ತು ಬೂಟಿನ ಮಣ್ಣೂ ಒಣಗಿರ್ಲಿಲ್ಲ ಮೇಷ್ಟ್ರೇ. ಹೇಳೋಕೆ ಬಂದೆ. ನೀವೇ ಕೈ ಅಡ್ಡ ಹಿಡಿದ್ರಿ."

ನಾಲ್ಕು ದಿನ ಅವನನ್ನು ಕಟ್ಟೆಯುದ್ದಕ್ಕೂ ಎಳೆದಾಡಿದೆ. ಎಲ್ಲ ಕಡೆ ಒಂದೇ ಸಮ ಗೋಧಿ ಎದ್ದು ನಿಂತಿತ್ತು. ಇಲ್ಲಿರಬಹುದು ಎಂದ, ಅಲ್ಲಿರಬಹುದು ಎಂದ. ಕೊನೆಗೂ ಆ ಜಾಗ ಸಿಗಲಿಲ್ಲ.

ಹಬ್ಬದ ಸಂಜೆ ಅಕ್ಕನೊಡನೆ ದಾರಿ ಕೂಡುವಲ್ಲಿಗೆ ಹೋದೆ. ಸಾರಿಗೆ ಉಪ್ಪು ಹೆಚ್ಚಾದರೂ ನನಗೆ ಸಹಸ್ರನಾಮ ಮಾಡುವವಳು ನಾಲ್ಕು ದಿನದಿಂದ ಒಂದು ಮಾತು ಬೈದಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗೆರೆ ಎಳೆಯುವ ಕೋಲನ್ನು ನನ್ನ ಕೈಗಿಟ್ಟಳು.

"ಈ ಸಲ ನೀನೇ ಎಳಿ ತಮ್ಮಾ. ಬಾಗಿಲು ಯಾವ ಕಡೆ ಬಿಡ್ತೀಯೋ ಬಿಡು."

ಕೋಲು ಹಿಡಿದು ನಿಂತೆ. ಅಕ್ಕ ಕಾಗದದ ಕಟ್ಟು ಎದೆಗವಚಿಕೊಂಡು ಕಾದಳು.