ಪಾಲಿನ ಮಣ್ಣು

"ಊಟ ಬಿಟ್ಟು ಎಷ್ಟು ದಿನ ಆಯ್ತು?" ಎಂದು ಡಾಕ್ಟರು ಕೇಳಿದ್ದು ಅಮರೇಶನನ್ನು. ಊಟ ಬಿಟ್ಟವನು ಕೊಟ್ರಪ್ಪ. ಅವನು ಪಕ್ಕದ ಕುರ್ಚಿಯಲ್ಲೇ ತೊಡೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ. ಆದರೆ ಎಲೆಕ್ಟ್ರಾನಿಕ್ ಸಿಟಿಯ ಆ ತಣ್ಣನೆಯ ಕೋಣೆಯಲ್ಲಿ ಅವನಿಗೂ ಮೂಲೆಯ ನೀರಿನ ಕ್ಯಾನಿಗೂ ಸಲ್ಲುತ್ತಿದ್ದ ಮರ್ಯಾದೆ ಒಂದೇ.

"ತಿಂಗಳ ಮೇಲಾಯ್ತು ಡಾಕ್ಟ್ರೇ. ಒತ್ತಾಯ ಮಾಡಿದ್ರೆ ಎರಡು ತುತ್ತು, ಅಷ್ಟೆ. ನಿದ್ದೆ ಇಲ್ಲ. ಲಿಫ್ಟ್ ಬಾಗಿಲಿಗೆ ಹಣೆ ಚಚ್ಕೊಳ್ತಾನೆ. ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಮೆಸೇಜ್ ಮೇಲೆ ಮೆಸೇಜ್ ಹಾಕ್ತಿದಾರೆ."

ಮೆಸೇಜಿನ ವಿಷಯ ಬಂದಾಗ ಅಮರೇಶನ ದನಿ ನೊಂದಿತು. ಹಣೆಯ ವಿಷಯಕ್ಕೆ ನೊಂದಿರಲಿಲ್ಲ. ನೂರಾರು ಜನರ ಕೆಲಸಕ್ಕೆ ವರ್ಷಕ್ಕೊಮ್ಮೆ ಅಂಕ ಕೊಡುವ ಮ್ಯಾನೇಜರು ಅವನು. ಯಾವುದಕ್ಕೆ ಎಷ್ಟು ನೋಯಬೇಕೆಂಬ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇಂಥವರಲ್ಲಿ ಇದೆಲ್ಲ ಕಾಮನ್. ಬಿಹೇವಿಯರ್ ಪ್ರಾಬ್ಲಂ ಅಷ್ಟೆ. ನಿಮ್ಮ ತಮ್ಮನಿಗೆ ಮಾತ್ರೆ ಜಾಸ್ತಿ ಮಾಡೋಣ, ಸುಮ್ನೆ ಮಲಗಿರ್ತಾನೆ."

ಕೊಟ್ರಪ್ಪ ತಮ್ಮನಲ್ಲ, ಅಣ್ಣ. ಅಮರೇಶ ತಿದ್ದಲಿಲ್ಲ. ಬುದ್ಧಿ ಬೆಳೆಯಲಿಲ್ಲವೆಂದು ಅಣ್ಣನ ವಯಸ್ಸನ್ನೂ ಕಿತ್ತುಕೊಂಡು ಎಷ್ಟೋ ವರ್ಷಗಳಾಗಿದ್ದವು.

"ಮನೇಲಿ ಏನಾದ್ರೂ ಚೇಂಜ್?" ಡಾಕ್ಟರ ಬೆರಳುಗಳು ಆಗಲೇ ಮಾತ್ರೆಯ ಹೆಸರನ್ನು ಟೈಪಿಸುತ್ತಿದ್ದವು.

"ಮದರ್ ಎಕ್ಸ್‌ಪೈರ್ಡ್," ಎಂದು ಅಮರೇಶ ಪಿಸುಗುಟ್ಟಿದ. ಇಂಗ್ಲಿಷಿನಲ್ಲಿ ಹೇಳಿದ ಸಾವು ಅಣ್ಣನ ಕಿವಿಗೆ ಬೀಳದೆಂಬುದು ಅವನ ಜಾಣತನ. "ಇವನಿಗೆ ಹೇಳಿಲ್ಲ. ಊರಿಗೆ ಹೋಗಿದಾಳೆ ಅಂತ ನಂಬಿದಾನೆ."

"ಒಳ್ಳೇದೇ ಮಾಡಿದ್ರಿ. ಇವರಿಗೆ ದುಃಖ ಅಂತೆಲ್ಲ ಇರಲ್ಲ."

ದುಃಖಕ್ಕೂ ಪದವಿ ಬೇಕೆಂದು ನಂಬಿದ್ದ ಇಬ್ಬರು ವಿದ್ಯಾವಂತರು ಒಬ್ಬರಿಗೊಬ್ಬರು ತಲೆಯಾಡಿಸಿಕೊಂಡರು.

"ಅವ್ವನ ಕರಡಿಗಿ ಶೋಕೇಸಿನ್ಯಾಗ ಐತಿ," ಎಂದ ಕೊಟ್ರಪ್ಪ.

ಅಮರೇಶ ತಟ್ಟನೆ ಅಣ್ಣನ ಕಡೆ ತಿರುಗಿದ. ತಾಯಿ ಶಿವಲಿಂಗಮ್ಮ ಕೊರಳಲ್ಲಿ ಲಿಂಗ ಧರಿಸುತ್ತಿದ್ದ ಬೆಳ್ಳಿಯ ಕರಡಿಗೆ ಅದು. ಅದಿಲ್ಲದೆ ಆಕೆ ಹೊಸ್ತಿಲು ದಾಟಿದವಳಲ್ಲ. ಕೊಟ್ಟೂರಿನ ಹೊಲದಲ್ಲಿ ಆಕೆಯನ್ನು ಮಣ್ಣು ಮಾಡಿದ ದಿನ ಲಿಂಗವನ್ನು ಅಂಗೈಯಲ್ಲಿಟ್ಟು, ಬರಿದಾದ ಕರಡಿಗೆಯನ್ನು ಅಮರೇಶನೇ ತಂದಿದ್ದ. ಹೆಂಡತಿ ಹೇಮಲತಾ ಅದಕ್ಕೆ ಪಾಲಿಶ್ ಹಾಕಿಸಿ, ಕಂಪನಿ ಕೊಟ್ಟ ಗಾಜಿನ ಪ್ರಶಸ್ತಿಗಳ ನಡುವೆ ಇಟ್ಟಿದ್ದಳು, ಚೆಂದ ಕಾಣುತ್ತದೆಂದು.

"ಅಪ್ಪಂದೂ ಹಿಂಗ ಖಾಲಿ ಬಂದಿತ್ತು," ಎಂದ ಕೊಟ್ರಪ್ಪ. "ನಾನ ಹಿಡ್ಕೊಂಡು ಬಂದಿದ್ದೆ."

ಅಮರೇಶನ ನಾಲಿಗೆ ಬೆಂಗಳೂರಿನ ಮಾತು ಬಿಟ್ಟು ಊರಿನ ಮಾತಿಗೆ ಜಾರಿತು. "ಮತ್ತ ಇಷ್ಟು ದಿನ ಯಾಕ ಕೇಳಲಿಲ್ಲ?"

"ನೀ ಯಾವಾಗ ಹೇಳ್ತಿ ಅಂತ ನೋಡ್ತಿದ್ದೆ."

ಆ ಮುಖದಲ್ಲಿ ಕಣ್ಣೀರಿರಲಿಲ್ಲ. ಸಂತೆಯಲ್ಲಿ ತೂಕದಲ್ಲಿ ಮೋಸ ಮಾಡುವವನನ್ನು ಗುರುತಿಸಿಯೂ ಸುಮ್ಮನಿರುವವನ ನೋಟವಿತ್ತು.

"ಎಲ್ಲಾರೂ ಮಣ್ಣು ಹಾಕಿದ್ರಾ?"

"ಹಾಕಿದ್ವಿ."

"ನಂದು?"

ಡಾಕ್ಟರು ಗಡಿಯಾರ ನೋಡಿಕೊಂಡರು. ಹಿರಿಯ ಮಗನ ಹಿಡಿಮಣ್ಣು ಮೊದಲು ಬೀಳಬೇಕು. ಅಂದು ಅದನ್ನು ಅಮರೇಶ ಹಾಕಿದ್ದ. ಹಿರಿಯ ಮಗ ಬಾಡಿಗೆಯ ಆಯಾಳ ಕಾವಲಿನಲ್ಲಿ ಟಿವಿಯ ಮುಂದೆ ಚಕ್ಕುಲಿ ತಿನ್ನುತ್ತಿದ್ದ.

ಉತ್ತರಕ್ಕೆ ಕಾಯದೆ ಕೊಟ್ರಪ್ಪ ಎದ್ದ. ಹೊರಕೋಣೆಯ ದೊಡ್ಡ ಕುಂಡದೊಳಗೆ ಮಣಿಕಟ್ಟಿನವರೆಗೆ ಕೈಹಾಕಿದ. ಗಿಡ ಪ್ಲಾಸ್ಟಿಕ್ಕಿನದು, ಕೈಗೆ ಬಂದದ್ದು ತೆಂಗಿನ ನಾರಿನ ಪುಡಿ. ಮೂಸಿ ನೋಡಿ, ಹೊಳೆಯುವ ನೆಲದ ಮೇಲೆ ಉದುರಿಸಿದ.

"ಇದು ಮಣ್ಣಲ್ಲ."

"ಅಯ್ಯೋ, ಏನ್ ಸಾರ್ ಇದು, ಈಗಷ್ಟೇ ಒರೆಸಿದೀವಿ," ಎಂದಳು ಮೇಜಿನ ಹಿಂದಿನ ಹುಡುಗಿ, ಹಿಂದೆಯೇ ಬಂದ ಅಮರೇಶನ ಕಡೆಗೆ ನೋಡಿ.

"ಮಾತ್ರೆ ಚೀಟಿ ಬಿಟ್ಟಿದೀರಾ," ಎಂದು ಒಳಗಿನಿಂದ ಡಾಕ್ಟರು ಕೂಗಿದರು. ಅಮರೇಶ ಹಿಂದಿರುಗಲಿಲ್ಲ.

ಹೊರಗೆ ಚರಂಡಿಗೆಂದು ರಸ್ತೆಯ ಬದಿ ಅಗೆದಿದ್ದರು. ಕೆಮ್ಮಣ್ಣು ಗುಡ್ಡೆಬಿದ್ದಿತ್ತು, ಇನ್ನೂ ಹಸಿ. ಕೊಟ್ರಪ್ಪ ಬಗ್ಗಿ ಒಂದು ಹಿಡಿ ತೆಗೆದುಕೊಂಡು, ಕಾರಿನ ಬಾಗಿಲನ್ನು ಇನ್ನೊಂದು ಕೈಯಿಂದ ತಾನೇ ತೆರೆದು ಕುಳಿತ.

"ಊರು ದೂರ ಐತಿ," ಎಂದ ಅಮರೇಶ.

"ಗೊತ್ತೈತಿ."

ಮನೆಯ ತಿರುವು ಹಿಂದೆ ಸರಿಯಿತು. ಕಾರು ಕೊಟ್ಟೂರಿನ ದಾರಿ ಹಿಡಿದು ಮೇಲ್ಸೇತುವೆ ಏರಿತು. ಮುಷ್ಟಿಯೊಳಗಿನ ಹಸಿ ಆರಬಾರದೆಂದೋ ಏನೋ, ಅಮರೇಶ ಎಸಿ ನಿಲ್ಲಿಸಿದ. ಕೊಟ್ರಪ್ಪ ಅತ್ತ ತಿರುಗಿಯೂ ನೋಡಲಿಲ್ಲ. ಅವನ ಬೆರಳಸಂದಿಯಿಂದ ಕೆಂಪು ನೀರಿನ ಒಂದು ಎಳೆ ಹೊರಟು, ಮಣಿಕಟ್ಟನ್ನು ಬಳಸಿ, ಅಂಗಿಯ ತೋಳಿನೊಳಗೆ ಮೆಲ್ಲನೆ ಇಳಿಯುತ್ತಿತ್ತು.