ಅಪ್ಪನ ನಲವತ್ತೆರಡು ಸ್ವರಗಳು

ಮನೆಯ ಕಂಪ್ಯೂಟರಿಗೆ ಹಾಡು ನುಡಿಸುವ ಸಾಫ್ಟ್‌ವೇರ್ ಆರಿಸುವುದಕ್ಕಿಂತ, ಹಾರ್ಮೋನಿಯಂನ ಕೊಳೆತ ತಿದಿ ಬಿಚ್ಚಿ ಅದರೊಳಗಿನ ಇಲಿಗೂಡನ್ನು ಬರಿಗೈಯಲ್ಲಿ ಬಾಚುವುದು ವಾಸಿ. ಎರಡನ್ನೂ ಮಾಡಿದವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ನಾನು ಹಾರ್ಮೋನಿಯಂ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪನೂ ಇದೇ ಮೇಜಿನ ಮೇಲೆ ಸ್ವರ ಹೊಮ್ಮಿಸುವ ಹಿತ್ತಾಳೆಯ ರೀಡು ಕೆರೆದವನು. ತಾನು ಶ್ರುತಿ ಮಾಡಿದ ಕೊನೆಯ ಪೆಟ್ಟಿಗೆಯ ನಲವತ್ತೆರಡು ಸ್ವರಗಳನ್ನೂ ಒಂದೊಂದು ನಿಮಿಷ ಟೇಪಿನಲ್ಲಿ ಹಿಡಿದಿಟ್ಟು ಹೋದ. ಅವನ್ನೆಲ್ಲ ಸೊಸೆ ಕಂಪ್ಯೂಟರಿಗೆ ಹಾಕಿಕೊಟ್ಟಳು. ಆಗ ನನ್ನ ಕಿವಿ ಚೆನ್ನಾಗಿತ್ತು. ಒಂದೊಂದನ್ನೂ, ಬಡಿದರೆ ಶುದ್ಧ ಸ್ವರ ನುಡಿಯುವ ಟ್ಯೂನಿಂಗ್ ಫೋರ್ಕುಗಳಿಗೆ ಹೋಲಿಸಿ ನೋಡಿದ್ದೆ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಈಗ ನಾಲ್ಕು ವರ್ಷದಿಂದ ಕಿವಿ ಮಂದವಾಗಿದೆ. ಎದುರು ನಿಂತು ಗಟ್ಟಿಯಾಗಿ ಆಡಿದ ಮಾತು ಕೇಳಿಸುತ್ತದೆ. ಮೆಲ್ಲಗೆ ಆಡಿದ್ದನ್ನು ತುಟಿ ನೋಡಿ ತಿಳಿಯುತ್ತೇನೆ. ಆದರೆ ಫೋರ್ಕ್ ಬಡಿದು ಕಿವಿಯ ಪಕ್ಕ ಹಿಡಿದರೆ ಬರೀ ಕಬ್ಬಿಣ. ಹಾಗಾಗಿ ಅಪ್ಪನ ಸ್ವರವನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಿ, ಸ್ಪೀಕರನ್ನು ಪೆಟ್ಟಿಗೆಯ ಮರಕ್ಕೆ ಒತ್ತಿ, ರೀಡನ್ನು ನುಡಿಸುತ್ತ ಮರದ ಮೇಲೆ ಅಂಗೈ ಇಡುತ್ತೇನೆ. ಎರಡೂ ಹೊಂದದಿದ್ದರೆ ಮರ ಅಲೆ ಅಲೆಯಾಗಿ ಮಿಡಿಯುತ್ತದೆ. ಹೊಂದಿದ ಕ್ಷಣ ಮಿಡಿತ ನಿಲ್ಲುತ್ತದೆ. ಈ ಗುಟ್ಟು ಮನೆಯವರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಹೊರಬಿದ್ದರೆ ನನ್ನ ಕಸುಬು ಅಲ್ಲಿಗೆ ಮುಗಿಯಿತು. ಕಿವುಡನ ಕೈಲಿ ಶ್ರುತಿ ಮಾಡಿಸುವಷ್ಟು ದಡ್ಡರು ಯಾರಿದ್ದಾರೆ?

ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂತು. ಅಪ್ಪನ ಸ್ವರ ನುಡಿಸುತ್ತಿದ್ದ ಹಳೆಯ ಪ್ಲೇಯರ್ ಅದರಲ್ಲಿ ಓಡಲಿಲ್ಲ.

"ಮಾವ, ನಾನು ಒಂದು ಹಾಕ್ಕೊಡ್ಲಾ?" ಎಂದಳು ಸೊಸೆ. ಅವಳಿಗೆ ಅಂಚೆ ಕಚೇರಿಯಲ್ಲಿ ಕೆಲಸ.

"ಬೇಡಮ್ಮ. ನೀನು ಹೋಗಿ ಚೀಟಿ ಅಂಟಿಸು. ನಂದು ನಾನು ನೋಡ್ಕೋತೀನಿ."

ನೋಡಿಕೊಂಡೆ. ಮೊದಲನೆಯ ಪ್ಲೇಯರ್ ಬಾಗಿಲಲ್ಲೇ ನಿಲ್ಲಿಸಿ ಹೆಸರು, ಫೋನ್ ನಂಬರ್, ಹುಟ್ಟಿದ ತಾರೀಖು ಕೇಳಿತು. ಹೆಣ್ಣು ಕೇಳಲು ಹೋದರೂ ಇಷ್ಟು ವಿಚಾರಿಸುವುದಿಲ್ಲ. 'ನಿಮಗಿಷ್ಟವಾದ ಮೂವರು ಗಾಯಕರನ್ನು ಆರಿಸಿ' ಎಂದು ಹಠ ಹಿಡಿಯಿತು. ಹಲ್ಲು ಕಿರಿಯುತ್ತಿದ್ದ ಮೂರು ಮುಖಗಳನ್ನು ಒತ್ತಿದೆ. ಅಪ್ಪನ ಮೊದಲ ಸ್ವರ ಮುಗಿಯಿತೋ ಇಲ್ಲವೋ, 'ಇದೂ ನಿಮಗೆ ಇಷ್ಟವಾಗಬಹುದು' ಎಂದು ತಾನಾಗಿಯೇ ಏನೋ ಕುಣಿತದ ಹಾಡು ಶುರು ಮಾಡಿತು. ಥೂ!

ಎರಡನೆಯದು ಏನೂ ಕೇಳಲಿಲ್ಲ. ಆದರೆ ಅಪ್ಪನ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಬೊಜ್ಜು ಕರಗಿಸುವ ಪುಡಿಯ ಜಾಹೀರಾತು. ಪರದೆಯ ತುಂಬ ಯಾರದೋ ಬೆತ್ತಲೆ ಹೊಟ್ಟೆ ಅಲುಗಾಡುತ್ತಿತ್ತು. ಅಲ್ಲಿಗೇ ಅದನ್ನು ಮುಚ್ಚಿದೆ.

ಮೂರನೆಯದು ಅಪ್ಪನ ಸ್ವರಗಳನ್ನೆಲ್ಲ ಸಾಲಾಗಿ ಜೋಡಿಸಿ, ಪ್ರತಿಯೊಂದರ ಮುಂದೆಯೂ 'ಅಪರಿಚಿತ ಕಲಾವಿದ' ಎಂದು ಬರೆದುಕೊಂಡಿತು. ಅವನು ಶ್ರುತಿ ಮಾಡಿದ ಪೆಟ್ಟಿಗೆ ಇಲ್ಲದ ಸಂಗೀತ ಶಾಲೆ ಈ ಊರಲ್ಲಿರಲಿಲ್ಲ, ಅಂಥವನು ಇದಕ್ಕೆ ಅಪರಿಚಿತ! ಮೈಯೆಲ್ಲ ಉರಿಯಿತು. ಆದರೆ ಅದರ ಕೆಳಗಡೆ ಹಾರ್ಮೋನಿಯಂನಲ್ಲಿರುವಂತೆ ಎಳೆಯುವ ಗುಬಟುಗಳು, ಮೇಲೆ ಕೆಳಗೆ ಜಾರಿಸುವ ಪಟ್ಟಿಗಳು ಇದ್ದವು. ಹೊಲಸಿನ ನಡುವೆ ಪರಿಚಿತ ಮುಖ ಕಂಡಂತಾಗಿ ಅದನ್ನೇ ಉಳಿಸಿಕೊಂಡೆ. ತಿರುಗಿಸುವಂಥದ್ದು ಕಂಡರೆ ತಿರುಗಿಸದೆ ಬಿಡುವ ಜಾತಿಯಲ್ಲ ನಾನು. ಎಲ್ಲವನ್ನೂ ಒಂದೊಂದು ಸಲ ಎಳೆದು ನೋಡಿ, ಮತ್ತೆ ಇದ್ದಲ್ಲಿಗೇ ತಂದಿಟ್ಟೆ. ತಂದಿಟ್ಟೆ ಎಂದುಕೊಂಡೆ.

ಆ ವಾರ ಬಂದದ್ದು ಸಂಗೀತದ ಮೇಡಂ ಅವರ ಪೆಟ್ಟಿಗೆ. ಶಾಲೆಯಲ್ಲಿ ಮಕ್ಕಳ ಕೊಳಲಿನ ಜೊತೆ ನುಡಿಸಲು ಬೇಕಿತ್ತು. ಅಂಗೈ ಇಟ್ಟು ನೋಡಿದರೆ ಎಲ್ಲ ರೀಡೂ ಶ್ರುತಿಯಲ್ಲಿ ಇಳಿದಿದ್ದವು, ಅದೂ ಒಂದೇ ಸಮ. ರೀಡುಗಳು ಹಾಗೆ ಮಾತಾಡಿಕೊಂಡು ಇಳಿಯುವುದಿಲ್ಲ; ಅದು ನಿನ್ನೆ ಕೆಲಸಕ್ಕೆ ಸೇರಿದವನಿಗೂ ಅನುಮಾನ ಬರಬೇಕಾದ ವಿಷಯ. ಹಳೆಯ ಪೆಟ್ಟಿಗೆ, ಇಳಿದಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸ್ವರ ಏರಬೇಕಾದರೆ ರೀಡಿನ ತುದಿ ಕೆರೆಯಬೇಕು. ಎರಡು ದಿನ ಕೂತು ಎಲ್ಲದರ ತುದಿಯನ್ನೂ ಕೆರೆದೆ.

ಮೇಡಂ ಬಂದು ನುಡಿಸಿದರು. ಚೀಲದಿಂದ ಕೊಳಲು ತೆಗೆದು ಊದಿದರು. ಮತ್ತೆ ನುಡಿಸಿದರು.

"ಯಜಮಾನ್ರೇ, ತನ್ನಷ್ಟಕ್ಕೆ ತಾನು ಚೆನ್ನಾಗಿದೆ. ಆದ್ರೆ ಇಡೀ ಪೆಟ್ಟಿಗೆ ಏರಿ ಕೂತಿದೆ. ಕೊಳಲಿಗೆ ಸೇರ್ತಾ ಇಲ್ಲ."

"ಕೊಳಲು ಸರಿ ಇರಲ್ಲ, ನೋಡಿ."

"ಮಕ್ಕಳ ಹತ್ರ ಹದಿನಾಲ್ಕು ಕೊಳಲಿವೆ. ಎಲ್ಲಾನೂ ಸರಿ ಇಲ್ವಾ?"

ಮೇಜಿನ ಮೇಲೆ ನನ್ನ ಫೋರ್ಕೊಂದು ಬಿದ್ದಿತ್ತು. ಮೇಡಂ ತಿದಿಗೆ ಗಾಳಿ ತುಂಬಿಸಿ, ಅದನ್ನು ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದರು. ಇನ್ನೊಂದು ಕೈಯಲ್ಲಿ ಪೆಟ್ಟಿಗೆಯ ಸ್ವರ ಹಿಡಿದರು. "ಎರಡೂ ಕೇಳಿಸ್ತಿದ್ಯಾ?"

"ಕೇಳಿಸದೆ ಏನು? ಎರಡೂ ಒಂದೇ ಇದೆ."

ಮೇಡಂ ಪೆಟ್ಟಿಗೆ ನಿಲ್ಲಿಸಿದರು. ಒಳಬಾಗಿಲಲ್ಲಿ ಸೊಸೆ ನಿಂತಿದ್ದಳು. ಮೇಡಂ ಅವಳಿಗೆ ಏನೋ ಮೆಲ್ಲಗೆ ಅಂದರು. ತುಟಿ ನೋಡಿ ತಿಳಿದುಕೊಂಡೆ.

"ನಾನಿನ್ನೂ ಫೋರ್ಕ್ ಬಡಿದೇ ಇಲ್ಲ."

ನಾನು ತಲೆ ತಗ್ಗಿಸಿ ಮೇಜಿನ ಮೇಲಿನ ಹಿತ್ತಾಳೆ ಪುಡಿಯನ್ನು ನೋಡಿದೆ. ಸೊಸೆ ಕಂಪ್ಯೂಟರ್ ಹಚ್ಚಿದಳು. ಯಾವುದನ್ನು ತೆರೆಯಬೇಕು ಎಂದು ಅವಳು ನನ್ನನ್ನು ಕೇಳಲೂ ಇಲ್ಲ.

"ಮಾವ, ಇಲ್ಲೊಂದು ಪಟ್ಟಿ ಇದೆ, ಶ್ರುತಿ ಏರಿಸೋದು. ಒಂದು ಚೂರು ಮೇಲೆ ಹೋಗಿದೆ."

"ನೋಡಿದ್ರಾ ಮೇಡಂ!" ಎಂದು ಕೂಗಿದೆ. ಹೋದ ಜೀವ ಬಂದಿತ್ತು. "ಈ ದರಿದ್ರ ಸಾಫ್ಟ್‌ವೇರಿಂದೇ ತಪ್ಪು! ನಂದಲ್ಲ!"

"ಶ್ರುತಿ ಮಾಡೋಕೆ ನಿಮಗೆ ಕಂಪ್ಯೂಟರ್ ಯಾಕೆ ಬೇಕು ಯಜಮಾನ್ರೇ?"

ನಾನು ಸ್ಪೀಕರಿನ ವೈರು ಸುತ್ತತೊಡಗಿದೆ. ಮೇಡಂ ಎದ್ದರು. "ಪೆಟ್ಟಿಗೆ ಇಲ್ಲೇ ಇರ್ಲಿ. ನಿಮ್ಮ ಕೈಲಿ ಆಗುತ್ತಾ, ಬೇರೆಯವರಿಗೆ ಕೊಡ್ಲಾ, ಸಂಜೆಯೊಳಗೆ ಫೋನ್ ಮಾಡಿ. ನಿಜ ಹೇಳಿ, ಅಷ್ಟೇ ಸಾಕು."

ಅವರು ಹೋದ ಮೇಲೆ ಆ ಪ್ಲೇಯರನ್ನು ಕಿತ್ತೆಸೆಯಲು ಕೂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾನು ಎಷ್ಟು ಜನ ಗಿರಾಕಿಗಳಿಗೆ ಹೇಳಿ ನಕ್ಕಿದ್ದೇನೋ ಲೆಕ್ಕವಿಲ್ಲ. ಇಷ್ಟು ದಿನ ಸಾಫ್ಟ್‌ವೇರಿನ ಮೇಲಿದ್ದ ಹೇಸಿಗೆಯೆಲ್ಲ ನನ್ನ ಮೇಲೆಯೇ ತಿರುಗಿತ್ತು. ಬಡಿಯದ ಫೋರ್ಕನ್ನು ಕೇಳಿಸಿಕೊಂಡವನು ನಾನು. ಅಪ್ಪ ಬದುಕಿದ್ದರೆ ಮೇಜಿನಿಂದ ಎಬ್ಬಿಸುತ್ತಿದ್ದ.

ತೆಗೆದುಹಾಕು ಎಂಬುದನ್ನು ಒತ್ತಿದರೆ ಸುಮ್ಮನೆ ಹೋಗುತ್ತದೆಯೇ ಆ ಪೀಡೆ? 'ನಮ್ಮನ್ನು ಯಾಕೆ ಬಿಡುತ್ತಿದ್ದೀರಿ?' ಎಂದು ಕೇಳಿತು. ಕೆಳಗೆ ಆರಿಸಲು ಕಾರಣಗಳು: ಜಾಹೀರಾತು ಹೆಚ್ಚು. ಬಳಸುವುದು ಕಷ್ಟ. ಧ್ವನಿ ಚೆನ್ನಾಗಿಲ್ಲ. ಬೇರೆ ಕಾರಣ.

'ಧ್ವನಿ ಚೆನ್ನಾಗಿಲ್ಲ' ಎಂಬುದರ ಮೇಲೆ ಮೌಸಿನ ಬಾಣ ತಂದು, ಒತ್ತದೆ ಸರಿಸಿದೆ. ಆಮೇಲೆ 'ಬೇರೆ ಕಾರಣ' ಒತ್ತಿದೆ. ಖಾಲಿ ಚೌಕವೊಂದು ತೆರೆದುಕೊಂಡಿತು. ಅಕ್ಷರ ಹುಡುಕಿ ಹುಡುಕಿ, ಒಂದೇ ಬೆರಳಲ್ಲಿ ಬರೆದೆ: ನನಗೆ ಕಿವಿ ಕೇಳಿಸುವುದಿಲ್ಲ.

ಹೆಗಲ ಮೇಲೆ ಕೈ ಬಿತ್ತು. ಸೊಸೆ ಹಿಂದೆ ನಿಂತು ಓದಿದ್ದಳು.

"ಇದನ್ನ ಆ ಕಂಪನಿಯವರಿಗೆ ಹೇಳಿ ಏನು ಬಂತು ಮಾವ?" ಎಂದು, ಮೇಡಂ ಅವರ ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟಳು. ಅದರ ಸದ್ದನ್ನು ಮೊದಲೇ ಪೂರ್ತಿ ಏರಿಸಿಟ್ಟಿದ್ದಳು.